ಜಿ3ರಲ್ಲಿ ಹೂತುಹೋದ ಒಂಟೆ: ಒಂದು ಕಾಯಿ ತಪ್ಪು ಮನೆಯಲ್ಲಿ ಕೂತರೆ ಚದುರಂಗದಾಟ ಸೋಲುವುದು ಹೇಗೆ

ಹಲಗೆಯ ಮೇಲಿನ ಕಾಯಿಗಳನ್ನು ಎಣಿಸಿದರೆ ಎರಡೂ ಕಡೆ ಸಮ. ಇಬ್ಬರಿಗೂ ಎರಡೆರಡು ಆನೆ, ಒಂದೊಂದು ಒಂಟೆ, ಎಂಟೆಂಟು ಕಾಲಾಳು. ಯಾರೂ ಯಾವುದನ್ನೂ ಪುಕ್ಕಟೆ ಕಳೆದುಕೊಂಡಿಲ್ಲ. ಅಲ್ಲಿಂದ ಹದಿನಾಲ್ಕೇ ನಡೆಗಳಲ್ಲಿ ಬಿಳಿಯವರು ಸೋಲೊಪ್ಪಿಕೊಂಡರು. 1919ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್ ಟೂರ್ನಿಯಲ್ಲಿ ವಿಲಿಯಂ ವಿಂಟರ್ ಮತ್ತು ಕ್ಯೂಬಾದ ಹೋಸೆ ರೌಲ್ ಕಪಾಬ್ಲಾಂಕಾ ಆಡಿದ ಆಟ ಇದು. ಒಂದು ಕಾಯಿ ಕೆಟ್ಟ ಜಾಗದಲ್ಲಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗುವುದು ಕಷ್ಟ.

ಮುಂದೆ ಹೋಗುವ ಮೊದಲು ಮನೆಗಳ ಹೆಸರು. ಬಿಳಿಯವರ ಎಡಗೈ ಕಡೆಯಿಂದ ಬಲಕ್ಕೆ ಎಂಟು ಕಂಬಸಾಲು: ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಬಿಳಿಯವರ ಬುಡದಿಂದ ಮೇಲಕ್ಕೆ 1ರಿಂದ 8. ಮೂಲೆಯಿಂದ ಹೊರಟು ನೇರ ಓಡುವುದು ಆನೆ, ಓರೆಯಾಗಿ ಓಡುವುದು ಒಂಟೆ, ರಾಜನ ಪಕ್ಕದಲ್ಲಿರುವುದು ಮಂತ್ರಿ, ಅಂದರೆ ಕೆಲವರು ರಾಣಿ ಎನ್ನುವ ಕಾಯಿ. ಎ, ಬಿ, ಸಿ ಸಾಲುಗಳ ಭಾಗ ಮಂತ್ರಿಯ ಕಡೆ. ಎಫ್, ಜಿ, ಎಚ್ ರಾಜನ ಕಡೆ.

ಒಂಟೆಗೆ ಮೂರು ಪಾಯಿಂಟ್, ಕುದುರೆಗೆ ಮೂರು, ಆನೆಗೆ ಐದು, ಮಂತ್ರಿಗೆ ಒಂಬತ್ತು ಎಂದು ಆಟ ಕಲಿಯುವ ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ. ಅದು ಸರಾಸರಿ ಲೆಕ್ಕ ಎಂಬುದನ್ನು ಹೇಳಲು ಮಾತ್ರ ಮರೆಯುತ್ತಾರೆ. ಖಾಲಿ ಹಲಗೆಯ ನಡುವೆ ನಿಂತ ಕುದುರೆ 8 ಮನೆ ನೋಡುತ್ತದೆ, ಅಂಚಿನ ನಡುವಿನಲ್ಲಿ ನಿಂತರೆ 4, ಮೂಲೆಯಲ್ಲಿ ನಿಂತರೆ ಬರೀ 2. ನಡುವಿನ ಒಂಟೆಗೆ 13 ಮನೆ, ಅಂಚಿನ ಒಂಟೆಗೆ 7. ಖಾಲಿ ಹಲಗೆಯಲ್ಲಿ ಎಲ್ಲಿ ನಿಂತರೂ 14 ಮನೆ ನೋಡುವುದು ಆನೆ ಒಂದೇ. ಅದರ ತೊಂದರೆ ಜಾಗದ್ದಲ್ಲ, ಎದುರಿಗೆ ನಿಂತ ಕಾಲಾಳಿನದು. ಇದು ಖಾಲಿ ಹಲಗೆಯ ಮಾತು. ನಿಜವಾದ ಆಟದಲ್ಲಿ ಕಾಲಾಳುಗಳ ಬೇಲಿ ಬಿದ್ದ ಮೇಲೆ 13 ಮನೆ ನೋಡಬೇಕಾದ ಒಂಟೆಗೆ ಒಂದೇ ಮನೆ ಉಳಿಯಬಹುದು. ಪರ್ಷಿಯಾ ಮತ್ತು ಅರಬ್ ನಾಡುಗಳಲ್ಲಿ ಆಡುತ್ತಿದ್ದ ಹಳೆಯ ಶತ್ರಂಜ್‌ನಲ್ಲಿ ಇದೇ ಜಾಗದ ಕಾಯಿಗೆ ಫೀಲ್, ಎಂದರೆ ಆನೆ, ಎಂದೇ ಹೆಸರು. ಓರೆಯಾಗಿ ಸರಿಯಾಗಿ ಎರಡು ಮನೆ ಜಿಗಿಯುತ್ತಿದ್ದ ಅದು ಇಡೀ ಆಟದಲ್ಲಿ 64ರಲ್ಲಿ 8 ಮನೆಗಳನ್ನಷ್ಟೇ ಮುಟ್ಟಬಲ್ಲದು. ಕೆಟ್ಟ ಜಾಗದಲ್ಲಿ ಸಿಕ್ಕಿಬಿದ್ದ ಈಗಿನ ಒಂಟೆಯ ಪಾಡು ಅದಕ್ಕಿಂತಲೂ ಕಡೆ.

ಹೇಸ್ಟಿಂಗ್ಸ್ ಆಟಕ್ಕೆ ಬರೋಣ. ಹಲಗೆ ಇದ್ದರೆ ಕಾಯಿ ಜೋಡಿಸಿಕೊಂಡು ಆಡುತ್ತಾ ಓದಿ, ಹತ್ತು ನಿಮಿಷದ ಕೆಲಸ.

ಬಿಳಿ ವಿಂಟರ್, ಕಪ್ಪು ಕಪಾಬ್ಲಾಂಕಾ. ಪ್ರತಿ ಸಂಖ್ಯೆಯಲ್ಲಿ ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನದು; ಮೂರು ಚುಕ್ಕಿ ಇದ್ದರೆ ಕಪ್ಪಿನ ನಡೆ ಮಾತ್ರ; ಬರೀ ಮನೆಯ ಹೆಸರಿದ್ದರೆ ಕಾಲಾಳಿನ ನಡೆ. 1. ಇ4 ಇ5. 2. ಕುದುರೆ ಎಫ್3, ಕುದುರೆ ಸಿ6. 3. ಕುದುರೆ ಸಿ3, ಕುದುರೆ ಎಫ್6. 4. ಒಂಟೆ ಬಿ5, ಒಂಟೆ ಬಿ4. 5. ಇಬ್ಬರೂ ರಾಜನ ಕಡೆ ಕ್ಯಾಸಲಿಂಗ್, ಅಂದರೆ ರಾಜ ಎರಡು ಮನೆ ಪಕ್ಕಕ್ಕೆ ಸರಿದು ಆನೆ ಅವನ ಆಚೆ ಬದಿಗೆ ಬರುವ ನಡೆ. 6. ಒಂಟೆ ಸಿ6ರ ಕುದುರೆಯನ್ನು ಹೊಡೆಯುತ್ತದೆ, ಡಿ ಕಾಲಾಳು ಆ ಒಂಟೆಯನ್ನು ಹೊಡೆಯುತ್ತದೆ. 7. ಡಿ3, ಒಂಟೆ ಡಿ6. 8. ಒಂಟೆ ಜಿ5, ಎಚ್6. 9. ಒಂಟೆ ಎಚ್4, ಸಿ5.

ಇಲ್ಲಿ ಸ್ವಲ್ಪ ನಿಲ್ಲಬೇಕು. ಎಚ್4ರ ಬಿಳಿ ಒಂಟೆ ಎಫ್6ರ ಕುದುರೆಯನ್ನು ಅದರ ಹಿಂದಿರುವ ಡಿ8ರ ಮಂತ್ರಿಗೆ ಕಟ್ಟಿಹಾಕಿದೆ. ಕುದುರೆ ಸರಿದರೆ ಮಂತ್ರಿ ಹೋಗುತ್ತದೆ. ಕಟ್ಟು ಬಿಡಿಸಲು ಕಪ್ಪು ಜಿ5 ತಳ್ಳಬಹುದಲ್ಲ? ಈಗಲೇ ತಳ್ಳಿದರೆ ಅಪಾಯ: ಬಿಳಿಯ ಎಫ್3 ಕುದುರೆ ಜಿ5ರ ಕಾಲಾಳನ್ನು ಹೊಡೆಯುತ್ತದೆ, ಎಚ್ ಕಾಲಾಳು ಕುದುರೆಯನ್ನು ಹೊಡೆಯುತ್ತದೆ, ಒಂಟೆ ಮತ್ತೆ ಜಿ5ರಲ್ಲಿ ಹೊಡೆದು ಕೂರುತ್ತದೆ. ಒಂದು ಕುದುರೆಗೆ ಎರಡು ಕಾಲಾಳು ಸಿಕ್ಕಿವೆ, ಕಪ್ಪು ರಾಜನ ಮುಂದಿನ ಗೋಡೆ ಬಿದ್ದಿದೆ, ಎಫ್6ರ ಕುದುರೆ ಇನ್ನೂ ಕಟ್ಟಿನಲ್ಲೇ ಇದೆ. ಕಪ್ಪಿಗೆ ಉಸಿರುಗಟ್ಟುವ ಸ್ಥಿತಿ.

ಸಿ5 ತಳ್ಳಿದ್ದಕ್ಕೆ ಎರಡು ಕಾರಣ. ಒಂದು, ಬಿಳಿಯ ಡಿ4 ತಡೆಯುವುದು. ಇನ್ನೊಂದು, ಡಿ5ರ ಮನೆ ಚೆನ್ನಾಗಿದೆ, ಬಾ ಎಂದು ಬಿಳಿ ಕುದುರೆಯನ್ನು ಕರೆಯುವುದು. ವಿಂಟರ್ ಬಂದರು. 10. ಕುದುರೆ ಡಿ5. ನೋಡಲು ಬಲವಾದ ನಡೆ: ಕುದುರೆ ನಡುಮನೆಗೆ ಬಂತು, ಕಟ್ಟಿನಲ್ಲಿರುವ ಎಫ್6ರ ಮೇಲೆ ಇನ್ನೊಂದು ಏಟು ಬಿತ್ತು. ಆದರೆ ಇದೇ ಸೋಲಿನ ನಡೆ, ಯಾಕೆಂದರೆ ಈಗ ಕಪ್ಪು 10... ಜಿ5 ಆಡಬಹುದು. ಬಿಳಿ ಕುದುರೆ ಜಿ5ರಲ್ಲಿ ಹೊಡೆದರೆ ಅದು ತನ್ನದೇ ಒಂಟೆಯ ದಾರಿಗೆ ಅಡ್ಡ ನಿಂತಂತಾಗುತ್ತದೆ. ಆ ಒಂದು ಕ್ಷಣ ಕಟ್ಟು ಸಡಿಲ. ಎಫ್6ರ ಕುದುರೆ ಬಿಡುಗಡೆಯಾಗಿ ಡಿ5ರ ಕುದುರೆಯನ್ನು ಹೊಡೆದುಬಿಡುತ್ತದೆ, ಬಿಳಿಗೆ ಒಂದು ಕಾಯಿ ನಷ್ಟ. ಕುದುರೆ ಸಿ3ರಲ್ಲೇ ಇದ್ದಿದ್ದರೆ ಹೊಡೆಯಲು ಅಲ್ಲಿ ಏನೂ ಇರುತ್ತಿರಲಿಲ್ಲ.

ಹಾಗಾಗಿ 11. ಕುದುರೆ ಎಫ್6ರಲ್ಲಿ ಹೊಡೆದು ಚೆಕ್, ಮಂತ್ರಿ ಹೊಡೆಯುತ್ತದೆ. 12. ಒಂಟೆ ಜಿ3, ಬೇರೆ ಜಾಗವೇ ಇಲ್ಲ. 12... ಒಂಟೆ ಜಿ4. 13. ಎಚ್3, ಒಂಟೆ ಎಫ್3ರ ಕುದುರೆಯನ್ನು ಹೊಡೆಯುತ್ತದೆ. 14. ಮಂತ್ರಿ ಹೊಡೆಯುತ್ತದೆ, ಮಂತ್ರಿ ಮಂತ್ರಿಯನ್ನು ಹೊಡೆಯುತ್ತದೆ. 15. ಜಿ ಕಾಲಾಳು ಎಫ್3ರಲ್ಲಿ ಹೊಡೆಯುತ್ತದೆ, ಎಫ್6.

ಈಗ ಜಿ3ರ ಒಂಟೆಯ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿ ನೋಡಿ. ಮುಂದೆ ಎಡಕ್ಕೆ ಎಫ್4: ಇ5 ಮತ್ತು ಜಿ5ರ ಕಪ್ಪು ಕಾಲಾಳುಗಳು ಎರಡೂ ಕಾಯುತ್ತಿವೆ. ಮುಂದೆ ಬಲಕ್ಕೆ ಎಚ್4: ಜಿ5 ಕಾಯುತ್ತಿದೆ. ಹಿಂದೆ ಎಡಕ್ಕೆ ಎಫ್2: ತನ್ನದೇ ಕಾಲಾಳು. ಅದು ಮುಂದೆ ಸರಿಯೋಣ ಎಂದರೆ ಎದುರಿಗೆ ಎಫ್3ರಲ್ಲಿ ಇನ್ನೊಂದು ತನ್ನದೇ ಕಾಲಾಳು. ಹಿಂದೆ ಬಲಕ್ಕೆ ಎಚ್2: ಖಾಲಿ, ಆದರೆ ಅಲ್ಲಿಂದ ಹೋಗಲು ಜಿ1 ಒಂದೇ; ಅಲ್ಲಿ ಈಗ ರಾಜ, ಅವನು ಸರಿದರೂ ಎದುರಿಗೆ ಮತ್ತೆ ಎಫ್2. ಕಪ್ಪಿನ ಬೇಲಿ ಅರ್ಧ, ಬಿಳಿಯದೇ ಬೇಲಿ ಇನ್ನರ್ಧ. ಬೇಲಿಯ ಗೂಟ ಇ5. ಅದನ್ನು ಕೀಳಲು ಬೇಕಾದ ಡಿ4 ಮನೆಯನ್ನು ಒಂಬತ್ತನೇ ನಡೆಯಲ್ಲೇ ಸಿ5 ಕಾದುಕೊಂಡಿದೆ. ಕೊನೆಗೆ ಹಾಕಿದ ಎಫ್6ರ ಬೀಗ ಜಿ5, ಇ5 ಎರಡಕ್ಕೂ ಆಧಾರ.

ಪಾಯಿಂಟ್ ಲೆಕ್ಕ ಮತ್ತೆ ಹಾಕಿ. ಆಟದ ಮೊದಲಲ್ಲಿ ಕಾಲಾಳು ಬಿಟ್ಟು ಒಬ್ಬೊಬ್ಬರ ಹತ್ತಿರ 31 ಪಾಯಿಂಟ್. ಅದರಲ್ಲಿ ಒಂದು ಒಂಟೆ ಸತ್ತಂತಿದ್ದರೆ ಹತ್ತರಲ್ಲಿ ಒಂದು ಪಾಲು ಹೋದಂತೆ. ಈಗ ಉಳಿದಿರುವುದು ಎರಡು ಆನೆ, ಒಂದು ಒಂಟೆ, ಒಟ್ಟು 13. ಅದರಲ್ಲಿ ಮೂರು ಸತ್ತರೆ ಸುಮಾರು ಕಾಲು ಭಾಗದ ಸೈನ್ಯವೇ ಇಲ್ಲ. ಕಪಾಬ್ಲಾಂಕಾ ಒಂದರ ಹಿಂದೊಂದು ಕಾಯಿಗಳನ್ನು ಬದಲಾಯಿಸಿಕೊಂಡದ್ದು ಇದಕ್ಕೇ. ಎದುರಾಳಿಯ ಒಂದು ಕಾಯಿ ಸಿಕ್ಕಿಬಿದ್ದಾಗ ಉಳಿದ ಕಾಯಿಗಳು ಕಡಿಮೆಯಾದಷ್ಟೂ ಆ ಕೊರತೆ ದೊಡ್ಡದಾಗುತ್ತಾ ಹೋಗುತ್ತದೆ.

ಹೊಸಬರು ಇಲ್ಲಿ ಮಾಡುವ ತಪ್ಪು, ಸಿಕ್ಕಿಬಿದ್ದ ಒಂಟೆಯನ್ನು ಹೊಡೆಯಲು ಹೋಗುವುದು. ಎಫ್5 ತಳ್ಳಿ, ರಾಜನ ಕಡೆ ಜಗಳ ತೆಗೆದು, ಬೇಲಿಯನ್ನು ತಾವೇ ಕಿತ್ತುಹಾಕುತ್ತಾರೆ. ಹೂತುಹೋದ ಒಂಟೆಯನ್ನು ಅಗೆದು ತೆಗೆಯುವ ಕೆಲಸ ನಮಗೇಕೆ? ಅದು ಅಲ್ಲೇ ಇರಲಿ. ಅದು ಬರಲಾಗದ ಕಡೆ, ಅಂದರೆ ಮಂತ್ರಿಯ ಕಡೆ, ಜಗಳ ತೆಗೆಯಬೇಕು.

ಕಪಾಬ್ಲಾಂಕಾ ಹಾಗೆಯೇ ಮಾಡಿದರು. 16. ರಾಜ ಜಿ2, ಎ5. 17. ಎ4, ರಾಜ ಎಫ್7. 18. ಆನೆ ಎಚ್1, ರಾಜ ಇ6. 19. ಎಚ್4, ಆನೆ ಎಫ್8ರಿಂದ ಬಿ8ಕ್ಕೆ. ವಿಂಟರ್ ಎಚ್ ಸಾಲನ್ನು ತೆರೆಯುತ್ತಿದ್ದಾರೆ, ಕಪ್ಪು ತಲೆಯೆತ್ತಿಯೂ ನೋಡುವುದಿಲ್ಲ. ಆ ಸಾಲಿನಲ್ಲಿ ಆನೆ ಒಳಗೆ ಬಂದರೂ ಹೊಡೆಯಲು ಏನೂ ಇಲ್ಲ, ರಾಜ ಆಗಲೇ ಇ6ರಲ್ಲಿ ನೆಮ್ಮದಿಯಾಗಿ ಕೂತಿದ್ದಾನೆ. 20. ಎಚ್ ಕಾಲಾಳು ಜಿ5ರಲ್ಲಿ ಹೊಡೆಯುತ್ತದೆ, ಎಚ್ ಕಾಲಾಳು ತಿರುಗಿ ಹೊಡೆಯುತ್ತದೆ. 21. ಬಿ3, ಸಿ6. 22. ಆನೆ ಎ2, ಬಿ5. 23. ಎಚ್1ರ ಆನೆ ಎ1ಕ್ಕೆ, ಸಿ4.

ಬಿಳಿಯ ಎರಡು ಆನೆಗಳೂ ಎ ಸಾಲಿನಲ್ಲಿ ಕಾವಲಿಗೆ ನಿಂತಿವೆ. ಕಪ್ಪಿನ ಕಡೆ ಎರಡು ಆನೆ, ಡಿ6ರ ಒಂಟೆ, ಹತ್ತಿರದಲ್ಲೇ ಇರುವ ರಾಜ. ಆ ಡಿ6ರ ಒಂಟೆಯೂ ಹೇಳಿಕೊಳ್ಳುವಂಥದ್ದಲ್ಲ. ತನ್ನದೇ ಕಾಲಾಳುಗಳ ಹಿಂದೆ ನಿಂತ ಬಾಗಿಲು ಕಾಯುವವನಂತೆ ಇದೆ. ಆದರೆ ಬಾಗಿಲು ಕಾಯುವುದೂ ಕೆಲಸವೇ. ಜಿ3ರದಕ್ಕೆ ಅದೂ ಇಲ್ಲ.

24. ಎ ಕಾಲಾಳು ಬಿ5ರಲ್ಲಿ ಹೊಡೆಯುತ್ತದೆ, ಸಿ4ರ ಕಾಲಾಳು ಬಿ3ರಲ್ಲಿ ಹೊಡೆಯುತ್ತದೆ. 25. ಸಿ ಕಾಲಾಳು ಬಿ3ರಲ್ಲಿ ಹೊಡೆಯುತ್ತದೆ, ಆನೆ ಬಿ5ರಲ್ಲಿ ಹೊಡೆಯುತ್ತದೆ. 26. ಆನೆ ಎ4, ಆನೆ ಬಿ3ರಲ್ಲಿ ಹೊಡೆಯುತ್ತದೆ. ಕಪ್ಪಿಗೆ ಒಂದು ಕಾಲಾಳು ಲಾಭ. ಈಗ 27. ಡಿ4, ಕೊನೆಗೂ ಗೂಟ ಕೀಳುವ ಪ್ರಯತ್ನ. ಇ5ರ ಕಾಲಾಳು ಆಸೆಯಿಂದ ಡಿ4ರಲ್ಲಿ ಹೊಡೆದರೆ ಓರೆಸಾಲು ತೆರೆದು, ಜಿ3ರ ಒಂಟೆ ಡಿ6ರ ಒಂಟೆಯನ್ನು ಹೊಡೆದು ಬದಲಾಯಿಸಿಕೊಳ್ಳುತ್ತದೆ. ಅಷ್ಟು ಹೊತ್ತು ಮಾಡಿದ್ದೆಲ್ಲ ನೀರಲ್ಲಿ ಹೋಮ. ಕಪಾಬ್ಲಾಂಕಾ ಹೊಡೆಯಲಿಲ್ಲ. 27... ಆನೆ ಬಿ5. 28. ಆನೆ ಸಿ4, ಆನೆ ಬಿ4. 29. ಆನೆ ಸಿ6ರಲ್ಲಿ ಹೊಡೆಯುತ್ತದೆ, ಆನೆ ಡಿ4ರಲ್ಲಿ ಹೊಡೆಯುತ್ತದೆ. ಕಾಲಾಳಿನ ಬದಲು ಆನೆಯಿಂದ ಹೊಡೆದದ್ದನ್ನು ಗಮನಿಸಿ: ಇ5ರ ಗೂಟ ಅಲ್ಲಾಡಲಿಲ್ಲ. ವಿಂಟರ್ ಸೋಲೊಪ್ಪಿದರು.

ಆ ಕ್ಷಣದಲ್ಲೂ ಲೆಕ್ಕದ ಪ್ರಕಾರ ಕಪ್ಪಿಗೆ ಹೆಚ್ಚಿರುವುದು ಒಂದೇ ಕಾಲಾಳು, ನಾಲ್ಕಕ್ಕೆ ಮೂರು. ಆದರೆ ಎ5ರ ಕಾಲಾಳನ್ನು ತಡೆಯಲು ಬಿಳಿಯ ಕಡೆ ಕಾಲಾಳು ಉಳಿದಿಲ್ಲ, ಒಂಟೆ ಬರುವುದಿಲ್ಲ. 12ನೇ ನಡೆಯಲ್ಲಿ ಜಿ3ರಲ್ಲಿ ಕೂತ ಆ ಒಂಟೆ ಕೊನೆಯವರೆಗೂ ಒಂದು ಸಲವೂ ಅಲುಗಲಿಲ್ಲ.

ಕುದುರೆಯ ಸಂಗತಿ ಬೇರೆ. ಅದು ಬೇಲಿ ಹಾರುತ್ತದೆ, ಹಾಗಾಗಿ ಅದನ್ನು ಬೇಲಿಯಿಂದ ಹೂಳಲಾಗದು. ಅದು ಇಳಿಯುವ ಮನೆಗಳನ್ನು ಕಾಯಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯ ನಡೆಯಲ್ಲೇ 64 ಮನೆಗಳನ್ನೂ ಒಂದೊಂದು ಸಲ ಸುತ್ತಿಸುವ ಬಂಧಗಳನ್ನು ರಚಿಸಿದವರು. ಎಲ್ಲಿಗೆ ಬೇಕಾದರೂ ಹೋಗಬಲ್ಲದು ಕುದುರೆ, ನಿಜ, ಆದರೆ ನಿಧಾನ. ಎ4ರಿಂದ ಎಫ್3ಕ್ಕೆ ಬರಲು ನಾಲ್ಕು ನಡೆ ಬೇಕು, ಅದೂ ದಾರಿಯಲ್ಲಿ ಯಾರೂ ಕಾಯದಿದ್ದರೆ.

1985ರ ವಿಶ್ವ ಚಾಂಪಿಯನ್‌ಷಿಪ್‌, ಮಾಸ್ಕೋ, 16ನೇ ಆಟ. ಬಿಳಿ ಅನತೋಲಿ ಕಾರ್ಪೋವ್, ಕಪ್ಪು ಗ್ಯಾರಿ ಕಾಸ್ಪರೋವ್. ಕಾಸ್ಪರೋವ್ 8ನೇ ನಡೆಯಲ್ಲಿ ಒಂದು ಕಾಲಾಳನ್ನು ಬಲಿ ಕೊಟ್ಟರು, 16ನೇ ನಡೆಯಲ್ಲಿ ಅವರ ಕುದುರೆ ಡಿ3ಕ್ಕೆ ಬಂದು ಬೇರೂರಿತು. ಎಲ್ಲರೂ ಆ ಡಿ3ರ ಕುದುರೆಯನ್ನು ಹೊಗಳುತ್ತಾರೆ, ಆಕ್ಟೋಪಸ್ ಎನ್ನುತ್ತಾರೆ. ಕಲಿಯಬೇಕಾದ್ದು ಮಾತ್ರ ಎದುರು ಕಡೆಯ ಎರಡು ಕುದುರೆಗಳಿಂದ. 23... ಕುದುರೆ ಡಿ7 ಆಡಿದ ಮೇಲೆ ಹಲಗೆ ನೋಡಿ. ಬಿಳಿ ಕುದುರೆಗಳು ಎ4 ಮತ್ತು ಬಿ1ರಲ್ಲಿವೆ. ಎ4ರದಕ್ಕೆ ನಾಲ್ಕು ದಾರಿ: ಬಿ6ನ್ನು ಡಿ7ರ ಕುದುರೆ ಕಾಯುತ್ತದೆ, ಸಿ5ನ್ನು ಕಪ್ಪಿನ ಎರಡೂ ಕುದುರೆಗಳು, ಬಿ2ನ್ನು ಡಿ3ರ ಕುದುರೆ, ಸಿ3ನ್ನು ಬಿ4ರ ಕಾಲಾಳು. ಬಿ1ರದಕ್ಕೆ ಮೂರು: ಎ3, ಸಿ3 ಎರಡನ್ನೂ ಅದೇ ಬಿ4ರ ಕಾಲಾಳು ಕಾಯುತ್ತದೆ, ಡಿ2ರಲ್ಲಿ ತನ್ನದೇ ಮಂತ್ರಿ ಕೂತಿದೆ. ಏಳು ದಾರಿಗಳಲ್ಲಿ ಒಂದೂ ಸಲೀಸಲ್ಲ. ಒಂದು ಬಡ ಕಾಲಾಳು ಅದರಲ್ಲಿ ಮೂರನ್ನು ಮುಚ್ಚಿದೆ.

ಇನ್ನೊಂದಿದೆ. ಡಿ1, ಎಫ್1ರಲ್ಲಿ ನಿಂತ ಬಿಳಿಯ ಆನೆಗಳು ತೆರೆದ ಸಾಲುಗಳಿಗೆ ಬರಬೇಕಾದರೆ ಸಿ1 ಅಥವಾ ಇ1 ಬೇಕು. ಎರಡೂ ಮನೆಗಳ ಮೇಲೆ ಡಿ3ರ ಕುದುರೆಯ ಕಣ್ಣಿದೆ. ಹೀಗೆ ಎರಡು ಕುದುರೆಗಳ ಪಾಡು ಇಡೀ ಸೈನ್ಯದ ಪಾಡಾಯಿತು. ಕಾಲಾಳು ಲಾಭದಲ್ಲಿದ್ದ ಕಾರ್ಪೋವ್ ಮಂತ್ರಿ ಕೊಟ್ಟು ಡಿ3ರ ಕುದುರೆಯನ್ನು ತೆಗೆದದ್ದು 34ನೇ ನಡೆಯಲ್ಲಿ. 40ಕ್ಕೆ ಆಟ ಮುಗಿಯಿತು. ಮರುವರ್ಷ ಇದೇ ಆರಂಭದಲ್ಲಿ ಕಾರ್ಪೋವ್ 12ನೇ ನಡೆಗೆ ಒಂಟೆಯನ್ನು ಇ3ಕ್ಕೆ ತಂದು ಆ ಬಲಿಯ ಹಲ್ಲು ಕಿತ್ತರು ಎಂಬುದನ್ನೂ ಹೇಳಬೇಕು. ಅಂದರೆ ಬಿ1ಕ್ಕೆ ಸರಿಯುವ ಮೊದಲು ಎ3ಕ್ಕೆ ಹೋಗಿದ್ದ ಕುದುರೆಯೊಂದರಿಂದಲೇ ಸೋಲು ಬರಲಿಲ್ಲ. ಅದನ್ನು ಅಲ್ಲೇ ಬಿಟ್ಟು ಬೇರೆ ಕೆಲಸಕ್ಕೆ ಹೋದದ್ದರಿಂದ ಬಂತು.

ಕಾಯಿ ಸಿಕ್ಕಿಬಿದ್ದು ನೇರವಾಗಿ ಹೊಡೆತಕ್ಕೆ ಹೋಗುವುದೂ ಉಂಟು, ಅದು ಕಡಿಮೆ ಸ್ವಾರಸ್ಯದ್ದು. 1972ರಲ್ಲಿ ರೇಕ್ಯಾವಿಕ್‌ನಲ್ಲಿ ಬೋರಿಸ್ ಸ್ಪಾಸ್ಕಿ ಎದುರು ಮೊದಲ ಆಟದಲ್ಲಿ ಬಾಬಿ ಫಿಷರ್ 29ನೇ ನಡೆಗೆ ಒಂಟೆಯಿಂದ ಎಚ್2ರ ಕಾಲಾಳನ್ನು ಹೊಡೆದರು. ಸ್ಪಾಸ್ಕಿ ಜಿ3 ತಳ್ಳಿದರು, ಹಿಂದಿರುಗುವ ದಾರಿ ಮುಚ್ಚಿತು. ರಾಜ ನಿಧಾನವಾಗಿ ನಡೆದು ಬಂದು ಒಂಟೆಯನ್ನು ತೆಗೆದ. ಫಿಷರ್‌ಗೆ ಬದಲಿಗೆ ಸಿಕ್ಕಿದ್ದು ಎರಡು ಕಾಲಾಳು. ಅಲ್ಲಿಂದ ಡ್ರಾ ಇನ್ನೂ ಕೈತಪ್ಪಿರಲಿಲ್ಲ, ಆದರೆ ದಾರಿ ಕಡಿದಾಯಿತು, 56ನೇ ನಡೆಗೆ ಸೋತರು. ಬಿಳಿ ಮೂರನೇ ನಡೆಗೆ ಒಂಟೆಯನ್ನು ಬಿ5ಕ್ಕೆ ತರುವ ಸ್ಪ್ಯಾನಿಷ್ ಆರಂಭದಲ್ಲಿ ನೋವಾನ ನಾವೆ ಎಂಬ ಬಲೆ ಇದೆ: ಬಿಳಿಯ ಒಂಟೆ ಬಿ3ರಲ್ಲಿದ್ದಾಗ ಕಪ್ಪು ಎ6, ಬಿ5, ಸಿ5, ಸಿ4 ಎಂದು ಕಾಲಾಳುಗಳನ್ನು ತಳ್ಳಿ ಅದನ್ನು ಉಸಿರುಕಟ್ಟಿಸುತ್ತದೆ. ಬಿ3ರಿಂದ ಎ4ಕ್ಕೆ ಹೋದರೆ ಬಿ5 ಹೊಡೆಯುತ್ತದೆ, ಎ2ರಲ್ಲಿ ತನ್ನದೇ ಕಾಲಾಳು. ಬಿಳಿ ಮೊದಲೇ ಸಿ3 ಆಡಿ ಸಿ2ಕ್ಕೆ ದಾರಿ ಮಾಡಿಟ್ಟಿದ್ದರೆ ಈ ಬಲೆಯೇ ಇಲ್ಲ.

ಆ ಸಿ3 ನಡೆಯಲ್ಲೇ ಮದ್ದಿದೆ: ಒಂಟೆಯನ್ನು ಹೊರಗೆ ಕಳುಹಿಸುವ ಮುಂಚೆ ಅದು ಮನೆಗೆ ಬರುವ ದಾರಿ ನೋಡುವುದು. ಡಿ4 ಆಡಿ ಒಂಟೆಯನ್ನು ಎಫ್4ಕ್ಕೆ ತರುವ ಲಂಡನ್ ಪದ್ಧತಿ ಈಗ ಮಕ್ಕಳ ಟೂರ್ನಿಗಳಲ್ಲೂ ಬಲು ಜನಪ್ರಿಯ. ಅದರಲ್ಲಿ ಎಚ್3 ತಳ್ಳುವುದನ್ನು ಕೆಲವರು ಸೋಮಾರಿ ನಡೆ ಎನ್ನುತ್ತಾರೆ. ಎದುರಾಳಿಯ ಕುದುರೆ ಎಚ್5ಕ್ಕೆ ಬಂದು ಒಂಟೆಯನ್ನು ಮುಟ್ಟಿದಾಗ ಎಚ್2ರಲ್ಲಿ ಬಚ್ಚಿಟ್ಟುಕೊಳ್ಳಬಹುದು; ಅಲ್ಲಿಂದ ಬಿ8ವರೆಗಿನ ಓರೆಸಾಲು ಹಾಗೇ ಉಳಿಯುತ್ತದೆ. ಒಂದು ನಡೆ ಖರ್ಚಾದರೂ ಬಾಗಿಲು ಸಿಕ್ಕಿತು.

ಒಂಟೆ ಜಿ5ರಿಂದ ಎಚ್4ಕ್ಕೆ, ಅಲ್ಲಿಂದ ಜಿ3ಕ್ಕೆ ಹೋಗುವ ಆಟಗಳಲ್ಲಿ ಕೇಳಿಕೊಳ್ಳಬೇಕಾದ್ದು ಒಂದೇ: ಇ5ರ ಕಾಲಾಳು ನಿಂತಲ್ಲೇ ಗಟ್ಟಿಯಾಗಿ ನಿಲ್ಲಬಲ್ಲದೇ? ನಾನು ಡಿ4 ಆಡಿ ಅದನ್ನು ಕೆಣಕಬಹುದು ಎಂದಿದ್ದರೆ ಜಿ3ರ ಒಂಟೆ ಒಳ್ಳೆಯ ಒಂಟೆ, ಇ5 ಬಿದ್ದ ದಿನ ಅದೇ ಹುಲಿ. ಡಿ4 ಆಗದು, ನಡುಭಾಗ ಮುಚ್ಚಿದೆ ಎಂದಿದ್ದರೆ ಜಿ5 ತಳ್ಳುವುದು ಕಪ್ಪು ರಾಜನಿಗೂ ಅಪಾಯವಲ್ಲ, ಯಾಕೆಂದರೆ ನುಗ್ಗಲು ಬಿಳಿಗೆ ದಾರಿಯಿಲ್ಲ.

ಕಾಯಿ ಈಗಾಗಲೇ ಸಿಕ್ಕಿಬಿದ್ದಿದ್ದರೆ? ಸರಸರ ಕಾಯಿ ಬದಲಾಯಿಸಿಕೊಳ್ಳಬೇಡಿ, ವಿಶೇಷವಾಗಿ ಮಂತ್ರಿಗಳನ್ನು. ಸಿಕ್ಕಿಬಿದ್ದ ಕಾಯಿಯನ್ನೇ ಬದಲಾಯಿಸುವ ದಾರಿ ಸಿಕ್ಕರೆ ಮಾತ್ರ ಕಣ್ಣುಮುಚ್ಚಿ ಬದಲಾಯಿಸಿ. ಅದಿಲ್ಲದ ಕಡೆ ಸಾಲುಗಳು ತೆರೆಯದಂತೆ ನೋಡಿಕೊಳ್ಳಿ. ಒಂದು ಕಾಲಾಳು ಕೊಟ್ಟಾದರೂ ಬೇಲಿ ಮುರಿಯಬೇಕಾದರೆ ಬೇಗ ಕೊಡಿ. ವಿಂಟರ್ ಡಿ4 ತಳ್ಳಿದ್ದು ಆಗಲೇ ಒಂದು ಕಾಲಾಳು ಹೋದ ಮೇಲೆ. ಆಗ ಕಪ್ಪಿಗೆ ಅದನ್ನು ಹೊಡೆಯಬೇಕಾದ ತುರ್ತೇ ಇರಲಿಲ್ಲ.

ಫ್ರೆಂಚ್ ಡಿಫೆನ್ಸ್, ಅಂದರೆ ಬಿಳಿಯ ಇ4ಕ್ಕೆ ಕಪ್ಪಿನಿಂದ ಇ6 ಉತ್ತರ, ಆಡುವವರು ಈ ರೋಗವನ್ನು ಗೊತ್ತಿದ್ದೇ ಹಚ್ಚಿಕೊಳ್ಳುತ್ತಾರೆ. ಇ6, ಡಿ5 ಕಾಲಾಳುಗಳ ಹಿಂದೆ ಸಿ8ರ ಒಂಟೆ ಮೊದಲ ನಡೆಯಿಂದಲೇ ಒಳಗೆ. ಅದಕ್ಕೇ ಅವರ ಬಳಿ ಅದನ್ನು ಹೊರಗೆ ಸಾಗಿಸುವ ದಾರಿಗಳು ಬಾಯಿಪಾಠ: ಬಿ6 ಆಡಿ ಎ6ಕ್ಕೆ ತಂದು ಬಿಳಿಯ ಎಫ್1 ಒಂಟೆಯ ಜತೆ ಬದಲಾಯಿಸುವುದು, ಎಫ್6 ಆಡಿದ ಮೇಲೆ ಡಿ7, ಇ8 ಸುತ್ತಿಕೊಂಡು ಜಿ6 ಅಥವಾ ಎಚ್5ಕ್ಕೆ ಬರುವುದು, ಇಲ್ಲವೇ ಮೊದಲೇ ಇ4ರಲ್ಲಿ ಕಾಲಾಳು ಬದಲಾಯಿಸಿ ಡಿ7ರಿಂದ ಸಿ6ಕ್ಕೆ ಹೋಗುವುದು. ಸುತ್ತುದಾರಿಗೆ ಮೂರು ನಡೆ ಬೇಕು. ನಡುಭಾಗ ಮುಚ್ಚಿದ ಆಟದಲ್ಲಿ ಎದುರಾಳಿಗೆ ಆ ಮೂರು ನಡೆಗಳಲ್ಲಿ ಹೆಚ್ಚೇನೂ ಮಾಡಲಾಗುವುದಿಲ್ಲ. ತೆರೆದ ಆಟದಲ್ಲಿ ಅಷ್ಟರಲ್ಲಿ ರಾಜನ ಮನೆಗೇ ನುಗ್ಗಿಬಿಡಬಹುದು.